ಸದ್ದು ನಿಲ್ಲುವವರೆಗೆ

ಅಣ್ಣನ ಮಗ ಅಮೆರಿಕದಿಂದ ಬರುವಾಗ ತಂದುಕೊಟ್ಟ ಎಣ್ಣೆ ಯಂತ್ರ ಹನ್ನೊಂದು ದಿನ ನಮ್ಮ ಅಡುಗೆಮನೆಯ ಕಟ್ಟೆಯ ಮೇಲೆ ಹೊಸ ಮದುವಣಗಿತ್ತಿಯ ಹಾಗೆ ಸುಮ್ಮನೆ ಕೂತಿತ್ತು. ಅದರ ಪ್ಲಗ್ಗಿನ ಕಡ್ಡಿಗಳು ಚಪ್ಪಟೆ. ಅದಕ್ಕೆ ಬೇಕಾದದ್ದು 120 ವೋಲ್ಟು, ವಿಜಯನಗರದ ನಮ್ಮ ಮನೆಗೆ ಬರುವುದು 230. ಕೊನೆಗೆ ಎಸ್.ಪಿ. ರೋಡಿಗೆ ಹೋಗಿ ವೋಲ್ಟೇಜು ಇಳಿಸುವ ಟ್ರಾನ್ಸ್‌ಫಾರ್ಮರ್ ಒಂದನ್ನು ತಂದೆ. ಅದು ಯಂತ್ರಕ್ಕಿಂತ ಭಾರ. ಮೆಟ್ರೋದಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಾಗ ಪಕ್ಕದಲ್ಲಿದ್ದ ಹೆಂಗಸು, "ಮಿಕ್ಸಿನಾ?" ಎಂದು ಕೇಳಿದರು. "ಅಲ್ಲ, ತಲೆಗೆ ಎಣ್ಣೆ ಕಾಯ್ಸೋಕೆ" ಎಂದೆ. ಇಳಿಯುವವರೆಗೂ ಅವರು ಮತ್ತೆ ಮಾತಾಡಲಿಲ್ಲ.

ಯಂತ್ರ ನೋಡುವುದಕ್ಕೆ ಕಾಫಿ ಫಿಲ್ಟರಿನ ದೊಡ್ಡಣ್ಣ. ಒಳಗೊಂದು ಪಾತ್ರೆ, ಅದರಲ್ಲಿ ಸೊಪ್ಪು ತುಂಬುವುದಕ್ಕೆ ತೂತುತೂತಿನ ಪುಟ್ಟ ಡಬ್ಬಿ, ತಳದಲ್ಲಿ ಅಯಸ್ಕಾಂತದ ಸೆಳೆತಕ್ಕೆ ತಿರುಗುವ ರೆಕ್ಕೆ. ಎಣ್ಣೆ ಸುರಿದು, ಎಷ್ಟು ಬಿಸಿ, ಎಷ್ಟು ಹೊತ್ತು ಎಂದು ಒತ್ತಿಬಿಟ್ಟರೆ ನಮ್ಮ ಕೆಲಸ ಮುಗಿಯಿತು. ಜೊತೆಗೆ ಬಂದ ಪುಸ್ತಕದಲ್ಲಿ ಎಲ್ಲವೂ ಫ್ಯಾರನ್‌ಹೀಟ್. ಸೊಪ್ಪಿಗೆ 170 ಎಂದಿತ್ತು. ಕಾಗದದ ಮೇಲೆ ಲೆಕ್ಕ ಹಾಕಿದೆ, ನಮ್ಮ 77 ಡಿಗ್ರಿ. ಮೂರು ಗಂಟೆ.

ಮೂರು ಗಂಟೆ ಕಳೆದ ಮೇಲೆ ಅದು ಕೀರಲು ದನಿಯಲ್ಲಿ ನಾಲ್ಕು ಸಲ ಕೂಗಿತು. ಎರಡಡಿ ದೂರದಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದ ಅಮ್ಮ ತಲೆ ಎತ್ತಲಿಲ್ಲ.

"ಆಯ್ತಂತೆ ಅಮ್ಮಾ" ಎಂದು ಗಟ್ಟಿಯಾಗಿ ಹೇಳಿದೆ.

"ಏನಾಯ್ತು? ಇನ್ನೂ ಸದ್ದೇ ಮಾಡಲಿಲ್ಲವಲ್ಲ ಅದು" ಎಂದಳು.

ಪಾಪ, ಬೀಪು ಕೇಳಿಸಿಲ್ಲ ಅಂದುಕೊಂಡೆ. ಅವಳು ಹೇಳಿದ್ದು ಬೇರೆ ಸದ್ದಿನ ಮಾತು ಎಂದು ತಿಳಿಯುವುದಕ್ಕೆ ಸಂಕ್ರಾಂತಿ ಕಳೆಯಬೇಕಾಯಿತು.

ನಾನು ಬೆಳೆದದ್ದು ರಾಜಾಜಿನಗರದ ಒಂದು ವಠಾರದಲ್ಲಿ. ಐದು ಮನೆ, ಒಂದು ನಲ್ಲಿ, ಒಂದು ಒಗೆಯುವ ಕಲ್ಲು. ರಾಜಗೋಪಾಲಾಚಾರಿಯವರ ಹೆಸರು ಹೊತ್ತಿದ್ದರೂ ಅದು ಕಾರ್ಖಾನೆಗಳ ನೆರಳಿನಲ್ಲಿ ಬೆಳೆದ ಬಡಾವಣೆ. ಎಪ್ಪತ್ತರ ದಶಕದಲ್ಲಿ ನಮ್ಮ ಬೀದಿಗೆ ಗಡಿಯಾರವೆಂದರೆ ಸೈರನ್. ಬೆಳಗಿನ ಸೈರನ್ನಿಗೆ ಅಪ್ಪ ಸೈಕಲ್ಲು ಹತ್ತಬೇಕು, ಮಧ್ಯಾಹ್ನದ ಸೈರನ್ನಿಗೆ ಅಮ್ಮ ಅನ್ನ ಬಾಗಿಸಬೇಕು. ಗಾಳಿ ಸರಿಯಾದ ಕಡೆಯಿಂದ ಬೀಸಿದ ದಿನ ಯಶವಂತಪುರದ ದಿಕ್ಕಿನಿಂದ ಸರ್ಕಾರಿ ಸೋಪಿನ ಕಾರ್ಖಾನೆಯ ಗಂಧದ ಪರಿಮಳ ತೇಲಿ ಬರುತ್ತಿತ್ತು. ಅಂಥ ದಿನ ಒಗೆದ ಬಟ್ಟೆಗೆ ಇನ್ನಷ್ಟು ಹೊತ್ತು ಹಗ್ಗದ ಮೇಲೇ ಇರುವ ಭಾಗ್ಯ. ಬಿಟ್ಟಿಯಾಗಿ ಸೆಂಟು ಹತ್ತಿಕೊಳ್ಳಲಿ ಎಂದು ಹೆಂಗಸರು ತೆಗೆಯುತ್ತಲೇ ಇರಲಿಲ್ಲ.

ನಮ್ಮ ಮನೆಯಲ್ಲಿ ಆಗ ಹೊಟ್ಟಿನ ಒಲೆ. ಈಗಿನವರಿಗೆ ಗೊತ್ತಿರಲಾರದು. ಮಾಗಡಿ ರಸ್ತೆಯ ಸಾಮಿಲ್ಲುಗಳಿಂದ ಮರದ ಹೊಟ್ಟನ್ನು ಗೋಣಿಚೀಲದಲ್ಲಿ ತುಂಬಿಸಿಕೊಂಡು ಬರುತ್ತಿದ್ದೆವು. ತಗಡಿನ ಡಬ್ಬದಂಥ ಒಲೆಯ ನಡುವೆ ಒಂದು ಗಾಜಿನ ಬಾಟಲಿ ನಿಲ್ಲಿಸಿ, ಸುತ್ತ ಹೊಟ್ಟು ಸುರಿದು, ಒನಕೆಯ ತುಂಡಿನಿಂದ ಕುಟ್ಟಿ ಕುಟ್ಟಿ ಗಟ್ಟಿ ಮಾಡಬೇಕು. ಆಮೇಲೆ ಬಾಟಲಿಯನ್ನು ಮೆಲ್ಲಗೆ ತಿರುಗಿಸುತ್ತ ಮೇಲೆತ್ತಿದರೆ ನಡುವೆ ಒಂದು ಬಾವಿ. ಕೆಳಗಿನ ಕಿಂಡಿಯಲ್ಲಿ ಸೌದೆಯ ಚೂರಿಟ್ಟು ಹಚ್ಚಿದರೆ ಬಾವಿಯ ಗೋಡೆ ಒಳಗಿನಿಂದ ಕೆಂಪಗೆ, ಉರಿಯಿಲ್ಲದೆ, ಗಂಟೆಗಟ್ಟಲೆ ಬೇಯುತ್ತ ಹೋಗುತ್ತದೆ. ಕುಟ್ಟುವ ಕೆಲಸ ನನ್ನದು ಮತ್ತು ಅಣ್ಣನದು. ಸಡಿಲವಾಗಿ ತುಂಬಿದ ದಿನ ಬಾವಿ ಕುಸಿದು ವಠಾರವೆಲ್ಲ ಹೊಗೆಯಾಗಿ ಐದು ಮನೆಯವರಿಂದಲೂ ಬೈಸಿಕೊಳ್ಳುತ್ತಿದ್ದೆವು. ಆದರೆ ಸರಿಯಾಗಿ ತುಂಬಿದ ಹೊಟ್ಟಿನ ಒಲೆಯಷ್ಟು ಹದವಾದ, ಹಟವಿಲ್ಲದ ಬೆಂಕಿಯನ್ನು ನಾನು ಮತ್ತೆ ಕಂಡಿಲ್ಲ. ಗುಂಡಿ ಒತ್ತುವ ಯಂತ್ರ ಕೊಡುತ್ತೇನೆನ್ನುವುದೂ ಅದನ್ನೇ ಅಲ್ಲವೆ: ಏರದ, ಇಳಿಯದ, ಕಾಯುವ ಬಿಸಿ.

ಎಣ್ಣೆ ಕಾಯಿಸುವುದು ವರ್ಷಕ್ಕೆ ಎರಡು ಸಲ. ದೀಪಾವಳಿಗೆ ಮುಂಚೆ ಒಮ್ಮೆ, ಯುಗಾದಿಗೆ ಮುಂಚೆ ಒಮ್ಮೆ. ಮಾಗಡಿ ಕಡೆಯ ಊರಿನಿಂದ ಅಜ್ಜಿ ಬಸ್ಸಿನಲ್ಲಿ ಬಂದು ಕಾಮಾಕ್ಷಿಪಾಳ್ಯದಲ್ಲಿ ಇಳಿಯುತ್ತಿದ್ದಳು, ಕಂಕುಳಲ್ಲಿ ಒದ್ದೆ ಬಟ್ಟೆಯ ಗಂಟು. ಗಂಟಿನೊಳಗೆ ಗರುಗದ ಸೊಪ್ಪು. ಪುಸ್ತಕದಲ್ಲಿ ಭೃಂಗರಾಜ ಅನ್ನುತ್ತಾರೆ. ಗದ್ದೆ ಬದುವಿನಲ್ಲಿ, ಕೆರೆಯಂಚಿನಲ್ಲಿ ಬಿಳಿಯ ಗುಂಡಿಯಂಥ ಹೂ ಬಿಟ್ಟುಕೊಂಡು ಬೆಳೆಯುವ ಗಿಡ. ನಮ್ಮ ಬೀದಿಯ ಚರಂಡಿ ಪಕ್ಕದಲ್ಲೂ ಇತ್ತು, ಅಜ್ಜಿ ಅದರ ಕಡೆ ನೋಡಲೂ ಬಿಡುತ್ತಿರಲಿಲ್ಲ. ಅದರ ಕಾಂಡ ಮುರಿದು ಹಿಂಡಿದರೆ ರಸ ಮೊದಲು ಹಸಿರು, ನೋಡನೋಡುತ್ತ ಕಪ್ಪು. ಅರೆದವರ ಬೆರಳು ಮೂರು ದಿನ ಮಸಿ ಹಿಡಿದ ಹಾಗೆ ಇರುತ್ತಿತ್ತು. ಅದೇ ರಸದಲ್ಲಿ ಬಿಳಿ ಬಟ್ಟೆ ಅದ್ದಿ, ಒಣಗಿಸಿ, ಬತ್ತಿ ಹೊಸೆದು, ಹರಳೆಣ್ಣೆಯ ದೀಪದಲ್ಲಿ ಉರಿಸಿ ಮೇಲೆ ಬೋರಲು ಹಾಕಿದ ತಟ್ಟೆಯಿಂದ ಕಾಡಿಗೆ ಕೆರೆಯುತ್ತಿದ್ದಳು. ಅಣ್ಣನ ಮೊದಲ ಮಗನ ತನಕ ನಮ್ಮ ಮನೆಯ ಕೂಸುಗಳಿಗೆಲ್ಲ ಹಚ್ಚಿದ್ದು ಆ ಕಾಡಿಗೆಯೇ. ಈ ಯಂತ್ರ ತಂದವನೂ ಅವನೇ.

ಉಳಿದದ್ದು ಬೆಂಗಳೂರಿನದು. ವಠಾರದ ಮಾಲೀಕರ ಕಾಂಪೌಂಡಿನಿಂದ ದಾಸವಾಳದ ಎಲೆ, ಕೆಂಪು ಹೂ. ಕುಂಡದಲ್ಲಿ ಬೆಳೆಸಿದ ಒಂದೆಲಗ. ಒಂದು ಹಿಡಿ ಕರಿಬೇವು, ನೆನೆಸಿದ ಮೆಂತ್ಯ, ಕಾಲ ಸಿಕ್ಕರೆ ಬೆಟ್ಟದ ನೆಲ್ಲಿಕಾಯಿ. ಅವೆನ್ಯೂ ರಸ್ತೆಯ ಆಸುಪಾಸಿನ ಗ್ರಂಧಿಗೆ ಅಂಗಡಿಯಿಂದ ಅಪ್ಪ ಸಂಜೆ ಪೇಪರಿನಲ್ಲಿ ಕಟ್ಟಿಸಿ ತರುತ್ತಿದ್ದ ಲಾವಂಚದ ಬೇರು, ಕಚೋರ. ತಿಪಟೂರಿನ ಕೊಬ್ಬರಿಯನ್ನು ಗಿರಣಿಗೆ ಕೊಟ್ಟು ಆಡಿಸಿದ ಎಣ್ಣೆ. ನೆಲ್ಲಿಕಾಯಿ ಬಿದ್ದ ವರ್ಷ ಕಬ್ಬಿಣದ ಬಾಣಲೆಯಲ್ಲಿ ಎಲ್ಲವೂ ಕಪ್ಪಾಗುತ್ತಿತ್ತು. ನೆಲ್ಲಿಯ ಒಗರು ಕಬ್ಬಿಣ ಸೇರಿದರೆ ಮಸಿಯೇ ಆಗುವುದಂತೆ. ಹಿಂದಿನವರು ಬರೆಯುವ ಶಾಯಿ ಮಾಡುತ್ತಿದ್ದದ್ದೂ ಇಂಥ ಒಗರು ಮತ್ತು ಕಬ್ಬಿಣದ ಕೂಟದಿಂದಲೇ. ಅಮ್ಮನಿಗೆ ಮಾತ್ರ ಆ ಕಪ್ಪು ಕಂಡರೆ ಸಮಾಧಾನ. ಎಣ್ಣೆಯ ಕಪ್ಪು ಕೂದಲಿಗೆ ಇಳಿಯುತ್ತದೆ ಎಂದು ಅವಳ ಲೆಕ್ಕ.

ಇಳಿಯಿತೇ ಅಂದರೆ, ಹೇಳುವುದು ಕಷ್ಟ. ಅಮ್ಮನ ಜಡೆ ಮೊಣಕಾಲು ಮುಟ್ಟುತ್ತಿತ್ತು. ಅದೇ ಬಾಣಲೆಯ ಅದೇ ಎಣ್ಣೆ ಹಚ್ಚಿಕೊಂಡ ಅಪ್ಪ ನಲವತ್ತಕ್ಕೇ ನುಣ್ಣಗಾದರು. "ಎಣ್ಣೆ ಏನು ಮಾಡುತ್ತೆ, ಅವರ ವಂಶವೇ ಹಾಗೆ" ಎಂದು ಅಮ್ಮ ಎಣ್ಣೆಯ ಪರ ವಾದಿಸುತ್ತಿದ್ದಳು.

ಈಗ ಸದ್ದಿನ ವಿಷಯಕ್ಕೆ ಬರಬೇಕು. ಸೊಪ್ಪಿನ ರಸ, ಅರೆದ ಗಸಿ, ಎಣ್ಣೆ ಎಲ್ಲ ಬಾಣಲೆಗೆ ಬಿದ್ದ ಮೇಲೆ ಮೊದಲ ಒಂದು ಗಂಟೆ ಗೊಳಗೊಳ ಎಂದು ಕುದಿಯುತ್ತದೆ, ಸಾರು ಕುದಿದ ಹಾಗೆ. ಆಗ ಅಮ್ಮ ಆಚೆ ಈಚೆ ಓಡಾಡುತ್ತಿದ್ದಳು, ಬಟ್ಟೆ ಮಡಿಸುತ್ತಿದ್ದಳು. ಕುದಿ ತಗ್ಗಿ ಚಟಪಟ ಶುರುವಾದಾಗ ಮಣೆ ಎಳೆದುಕೊಂಡು ಒಲೆಯ ಮುಂದೆ ಕೂರುತ್ತಿದ್ದಳು. ಚಟಪಟ ಸಣ್ಣದಾಗಿ ಚಿಟಿಚಿಟಿ ಆಗುವ ಹೊತ್ತಿಗೆ ಕಣ್ಣು ಮುಚ್ಚುತ್ತಿದ್ದಳು. ಆಗ ನಾವು ಮಾತಾಡುವ ಹಾಗಿಲ್ಲ. ಪಕ್ಕದ ಮನೆಯವರು ರೇಡಿಯೋ ಹಾಕಿದರೆ ಗೋಡೆಯನ್ನು ಮೂರು ಸಲ ತಟ್ಟುತ್ತಿದ್ದಳು. ಅವರಿಗೂ ಗೊತ್ತು, ಸಣ್ಣಗೆ ಮಾಡುತ್ತಿದ್ದರು. ಸದ್ದು ಇನ್ನೂ ತೆಳುವಾಗಿ, ತಾರಸಿಯ ಮೇಲೆ ಜಿನುಗು ಮಳೆ ಬಿದ್ದ ಹಾಗೆ ಆಗಿ, ಒಂದು ಕ್ಷಣದಲ್ಲಿ ಇಲ್ಲವಾಗುತ್ತಿತ್ತು. ಅಷ್ಟೇ. ಸೆರಗನ್ನು ಸುತ್ತಿಕೊಂಡ ಕೈಯಿಂದ ಬಾಣಲೆ ಕೆಳಗಿಳಿಸಿಬಿಡುತ್ತಿದ್ದಳು.

"ಎಷ್ಟು ಹೊತ್ತು ಕಾಯಿಸ್ಬೇಕಮ್ಮ?" ಎಂದು ಕೇಳಿದರೆ ಉತ್ತರ ಒಂದೇ. "ಸದ್ದು ನಿಲ್ಲೋವರ್ಗೂ ಕಣೇ."

ಇದರ ಒಳಗುಟ್ಟು ನನಗೆ ತಿಳಿದದ್ದು ಬಹಳ ತಡವಾಗಿ, ಬ್ಯಾಂಕಿನ ಕೆಲಸದಿಂದ ನಿವೃತ್ತಳಾಗಿ ಅದೂ ಇದೂ ಓದತೊಡಗಿದ ಮೇಲೆ. ಸೊಪ್ಪಿನಲ್ಲಿ ನೀರಿರುವ ತನಕ ಎಣ್ಣೆ 100 ಡಿಗ್ರಿಯ ಆಸುಪಾಸಿನಲ್ಲೇ ಕಟ್ಟುಬಿದ್ದಿರುತ್ತದೆ. ಒಲೆ ಕೊಟ್ಟ ಶಾಖವನ್ನೆಲ್ಲ ನೀರು ಆವಿಯಾಗುವುದಕ್ಕೆ ಕಬಳಿಸುತ್ತದೆ. ಆ ಆವಿ ಎಣ್ಣೆಯನ್ನು ಸೀಳಿಕೊಂಡು ಬರುವುದೇ ಚಟಪಟ. ನೀರು ಮುಗಿಯಿತೋ, ಎಣ್ಣೆಗೆ ಮೂಗುದಾರವಿಲ್ಲ. ಕೆಲವೇ ನಿಮಿಷದಲ್ಲಿ 150 ದಾಟಿ ಸೊಪ್ಪು ಸೀದು, ಎಣ್ಣೆ ಕಮಟಾಗುತ್ತದೆ. ಹಾಗೆಂದು ಮುಂಚೆಯೇ ಇಳಿಸಿದರೆ ಉಳಿದ ನೀರು ಬಾಟಲಿಯ ತಳದಲ್ಲಿ ಕೂತು ಹಳಸುತ್ತದೆ. ಅಮ್ಮ ಕಾಯುತ್ತಿದ್ದದ್ದು ಇವೆರಡರ ನಡುವಿನ ಆ ಒಂದು ಸಂದಿಗಾಗಿ.

ಆಯುರ್ವೇದದ ಶಾರ್ಙ್ಗಧರ ಸಂಹಿತೆಯಲ್ಲಿ ಇದಕ್ಕೆಲ್ಲ ಶಾಸ್ತ್ರವೇ ಇದೆ. ಅರೆದ ಗಸಿ ಒಂದು ಪಾಲಾದರೆ ಎಣ್ಣೆ ನಾಲ್ಕು, ರಸವೋ ಕಷಾಯವೋ ಹದಿನಾರು. ಪಾಕದಲ್ಲಿ ಮೃದು, ಮಧ್ಯಮ, ಖರ ಎಂದು ಮೂರು ಹದ. ಮೂಗಿಗೆ ಬಿಡುವ ಎಣ್ಣೆಗೆ ಮೃದು, ಮೈಗೆ ಹಚ್ಚುವುದಕ್ಕೆ ಖರ. ಹದ ನೋಡುವುದಕ್ಕೆ ಗಸಿಯನ್ನು ಬೆರಳಲ್ಲಿ ಬತ್ತಿ ಹೊಸೆದು ಬೆಂಕಿಗೆ ಹಿಡಿಯಬೇಕು, ಸದ್ದು ಮಾಡದೆ ಉರಿದರೆ ಎಣ್ಣೆ ಆಯಿತು. ತುಪ್ಪಕ್ಕಾದರೆ ನೊರೆ ಅಡಗಬೇಕು, ಎಣ್ಣೆಗಾದರೆ ಕೊನೆಯಲ್ಲಿ ನೊರೆ ಏಳಬೇಕು. ಅಮ್ಮ ಈ ಹೆಸರನ್ನೇ ಕೇಳಿದವಳಲ್ಲ. ಅಷ್ಟು ರಸವನ್ನೂ ಅವಳು ಹಾಕುತ್ತಿರಲಿಲ್ಲ, ಸೇರು ಎಣ್ಣೆಗೆ ಎರಡು ಸೇರು ಆದರೆ ಹೆಚ್ಚು. ಹದಿನಾರು ಪಾಲು ರಸ ಇಂಗಿಸುವಷ್ಟು ಹೊಟ್ಟು ಯಾರ ಮನೆಯಲ್ಲಿತ್ತು? ಬತ್ತಿ ಮಾತ್ರ ಅವಳೂ ಹೊಸೆಯುತ್ತಿದ್ದಳು, ಅಜ್ಜಿ ಇದ್ದಾಗ ಅಜ್ಜಿಯ ಸಮಾಧಾನಕ್ಕೆ. "ಕಿವಿ ಇರೋವಾಗ ಬತ್ತಿ ಯಾಕೆ" ಎಂದು ಗೊಣಗಿಕೊಂಡು.

ಆ ಎಣ್ಣೆ ದೀಪಾವಳಿಯ ದಿನ ಬೆಳಗಿನ ಜಾವ ನಾಲ್ಕಕ್ಕೆ ನಮ್ಮ ತಲೆಗೆ ಬೀಳುತ್ತಿತ್ತು. ಮಣೆಯ ಮುಂದೆ ನೆಲದ ಮೇಲೆ ಎಣ್ಣೆಯ ಏಳು ಬೊಟ್ಟು, ಚಿರಂಜೀವಿಗಳ ಹೆಸರಿನಲ್ಲಿ: ಅಶ್ವತ್ಥಾಮ, ಬಲಿ, ವ್ಯಾಸ, ಹನುಮಂತ, ವಿಭೀಷಣ, ಕೃಪ, ಪರಶುರಾಮ. ಕೃಪನ ಹೆಸರು ಬರುವ ಹೊತ್ತಿಗೆ ನನಗೆ ಮತ್ತೆ ನಿದ್ದೆ. ಡಿಸೆಂಬರಿನಲ್ಲಿ ಬಾಟಲಿಯೊಳಗೆ ಎಣ್ಣೆ ಮೇಣದ ಹಾಗೆ ಗಟ್ಟಿಯಾಗಿ, 24 ಡಿಗ್ರಿಗಿಂತ ಕೆಳಗಿಳಿದರೆ ಕೊಬ್ಬರಿ ಎಣ್ಣೆಯ ಹಣೆಬರಹವೇ ಅದು, ಸ್ಕೂಲಿಗೆ ಹೊರಡುವ ಆತುರದಲ್ಲಿ ಪೊರಕೆ ಕಡ್ಡಿ ಹಾಕಿ ಕೆದಕುತ್ತಿದ್ದೆವು.

ನನ್ನ ಮದುವೆಯಾಗಿ ನಾನು ವಿಜಯನಗರಕ್ಕೆ ಬಂದ ಮೇಲೂ ಎರಡು ಹಬ್ಬಕ್ಕೆ ಎರಡು ಬಾಟಲಿ ತಪ್ಪದೆ ಬರುತ್ತಿತ್ತು. ಹೊಟ್ಟಿನ ಒಲೆ ಹೋಗಿ ಸೀಮೆಎಣ್ಣೆ ಸ್ಟೌ, ಅದು ಹೋಗಿ ಗ್ಯಾಸು. ಬಾಣಲೆ ಮಾತ್ರ ಅದೇ. ಅಪ್ಪ ತೀರಿಕೊಂಡ ಮೇಲೆ ಅಮ್ಮನೂ ಬಾಣಲೆಯೂ ಒಟ್ಟಿಗೆ ನಮ್ಮ ಮನೆಗೆ ಬಂದರು.

ಬಂದ ಮೂರನೆಯ ವರ್ಷವೋ ನಾಲ್ಕನೆಯ ವರ್ಷವೋ ಎಣ್ಣೆ ಸೀದುಹೋಯಿತು. ನಾನು ಬ್ಯಾಂಕಿನಿಂದ ಬಂದಾಗ ಮನೆಯೆಲ್ಲ ಕಮಟು, ಕಿಟಕಿಗಳು ಹಾರುಹೊಡೆದಿದ್ದವು, ಬಾಣಲೆಯಲ್ಲಿ ಟಾರಿನಂಥದ್ದು. "ನಿಮ್ಮ ಗ್ಯಾಸು ಸರಿಯಿಲ್ಲ, ಉರಿ ಸಣ್ಣಗಾಗೋದೇ ಇಲ್ಲ" ಎಂದಳು. ಯುಗಾದಿಯಲ್ಲಿ ಮತ್ತೆ ಸೀದಿತು. ಈ ಸಲ ಎಣ್ಣೆಯದೇ ತಪ್ಪು, ಮೊದಲಿನ ಹಾಗೆ ಕೊಬ್ಬರಿ ಎಲ್ಲಿದೆ. ಅದಾದ ಮೇಲೆ ದೀಪಾವಳಿಗೆ, "ಈ ಸಲ ಅಂಗಡಿಯಿಂದಲೇ ತಂದುಬಿಡು, ನನ್ನ ಕೈಲಾಗಲ್ಲ" ಎಂದಳು. ವಯಸ್ಸಾಯಿತು ಅಂದುಕೊಂಡೆ. ನಿಜ ಹೇಳಬೇಕೆಂದರೆ, ಅಡುಗೆಮನೆ ಎಣ್ಣೆ ಜಿಡ್ಡಾಗುವುದು ತಪ್ಪಿತು ಎಂದು ಒಳಗೊಳಗೇ ಹಗುರವಾಯಿತು. ಬಾಣಲೆ ಅಟ್ಟ ಸೇರಿತು.

ಇದೇ ಕಾಲದಲ್ಲಿ ನೆಂಟರ ಮನೆಯ ಗೃಹಪ್ರವೇಶಕ್ಕೆ ಅಂತ ಅವಳನ್ನು ಮೆಟ್ರೋದಲ್ಲಿ ಕರೆದುಕೊಂಡು ಹೋಗಿದ್ದೆ. ಮೆಜೆಸ್ಟಿಕ್ಕಿನಲ್ಲಿ ಬದಲಿಸಿ ಹಸಿರು ಮಾರ್ಗ ಹಿಡಿದೆವು. ಮುಂದಿನ ನಿಲ್ದಾಣ ಯಾವುದೆಂದು ಕೂಗುತ್ತಿದ್ದರೂ ಅಮ್ಮ ಪ್ರತಿ ಸಲ "ಯಾವುದಿದು?" ಎಂದು ನನ್ನನ್ನೇ ಕೇಳುತ್ತಿದ್ದಳು. ಸ್ಯಾಂಡಲ್ ಸೋಪ್ ಫ್ಯಾಕ್ಟರಿಯಲ್ಲಿ ಬಾಗಿಲು ತೆರೆದಾಗ ಮಾತ್ರ ಕೇಳಲಿಲ್ಲ. ಮೂಗನ್ನು ಸ್ವಲ್ಪ ಎತ್ತಿ, "ಸೋಪಿನ ಫ್ಯಾಕ್ಟ್ರಿ" ಎಂದಳು. ನನಗೆ ಏನೂ ಬಡಿಯಲಿಲ್ಲ. ದಾರಿಯುದ್ದಕ್ಕೂ ಆ ಕಾರ್ಖಾನೆಯದೇ ಕತೆ ಹೇಳಿದಳು. ನಾನು ಓದಿದ್ದನ್ನು ಸೇರಿಸಿದೆ. ಮೊದಲ ಮಹಾಯುದ್ಧದಲ್ಲಿ ಯುರೋಪಿಗೆ ಗಂಧದ ಮರ ಹೋಗುವುದು ನಿಂತು, ಮೈಸೂರು ಸರ್ಕಾರದ ಬಳಿ ಮರ ರಾಶಿ ಬಿದ್ದಾಗ 1916ರಲ್ಲಿ ಎಣ್ಣೆ ತೆಗೆಯುವ ಕಾರ್ಖಾನೆ ಹುಟ್ಟಿತು, 1918ರ ಹೊತ್ತಿಗೆ ಸಾಬೂನು ಬಂತು ಎಂದು. ಗಂಧದೆಣ್ಣೆ ನಮ್ಮ ಬಾಣಲೆಯ ಎಣ್ಣೆಯ ಹಾಗಲ್ಲ, ಮರದ ಚೂರಿಗೆ ಹಬೆ ಹಾಯಿಸಿ ಹಬೆಯ ಜೊತೆ ಎಣ್ಣೆಯನ್ನು ಹೊರಡಿಸುತ್ತಾರೆ ಎಂದಾಗ, "ಅಲ್ಲಿ ಮರದಿಂದ ಎಣ್ಣೆ ಎಬ್ಬಿಸ್ತಾರೆ, ನಾವು ಎಣ್ಣೆಗೆ ಸೊಪ್ಪು ಕುಡಿಸ್ತೀವಿ" ಎಂದಳು. ಅರ್ಧ ಮಾತನ್ನಾದರೂ ಸರಿಯಾಗಿ ಕೇಳಿಸಿಕೊಂಡಿದ್ದಳು ಅನ್ನಬೇಕು.

ಕಿವಿಯ ಪರೀಕ್ಷೆ ಮಾಡಿಸಿದ್ದು ಆ ವರ್ಷವೇ. ಕಾಗದದ ಮೇಲಿನ ಗೆರೆ ಎಡಗಡೆ ಸಮನಾಗಿದ್ದು ಬಲಗಡೆಗೆ ಗುಡ್ಡದಿಂದ ಜಾರಿದ ಹಾಗೆ ಇಳಿದಿತ್ತು. ವಯಸ್ಸಾದವರಿಗೆ ಮೊದಲು ಹೋಗುವುದು ಎತ್ತರದ ಸಣ್ಣ ಸದ್ದುಗಳು ಎಂದು ಪರೀಕ್ಷೆ ಮಾಡಿದ ಹುಡುಗಿ ವಿವರಿಸಿದಳು: ಹಕ್ಕಿ, ಬಳೆ, ಕೀರಲು ಗಂಟೆ. ಬಸ್ಸಿನ ಹಾರನ್ನು, ಕುಕ್ಕರಿನ ಗದ್ದಲ ಕೇಳುತ್ತದೆ, ಆದ್ದರಿಂದ ಮನೆಯವರಿಗೆ ವರ್ಷಗಟ್ಟಲೆ ಗೊತ್ತೇ ಆಗುವುದಿಲ್ಲ. ಮೆಷಿನ್ನು ಕೊಡಿಸಿದೆವು. "ಹಾಕ್ಕೊಂಡ್ರೆ ಫ್ಯಾನಿನ ಸದ್ದೇ ಜಾಸ್ತಿ" ಎಂದು ಅದನ್ನು ಕುಂಕುಮದ ಭರಣಿಯ ಪಕ್ಕ ಇಟ್ಟಳು. ಸೀದ ಬಾಣಲೆಗೂ ಈ ಜಾರಿದ ಗೆರೆಗೂ ನಂಟಿದೆ ಎಂದು ನನಗೆ ಆಗಲೂ ಹೊಳೆಯಲಿಲ್ಲ.

ಯಂತ್ರದ ಮೊದಲ ಎಣ್ಣೆಗೆ ಗರುಗ ತರುವುದರಲ್ಲೇ ಎಡವಿದ್ದೆ. ಪಾರ್ಕಿನ ಅಂಚಿನಲ್ಲಿ ದಟ್ಟವಾಗಿ ಹಬ್ಬಿದ್ದ ಗಿಡವನ್ನು ಭೃಂಗರಾಜ ಅಂದುಕೊಂಡು ಚೀಲ ತುಂಬಿಸಿಕೊಂಡು ಬಂದೆ. ಅಮ್ಮ ಒಂದು ಎಸಳು ಕೈಗೆತ್ತಿಕೊಂಡು, "ಹಳದಿ ಹೂ" ಎಂದಷ್ಟೇ ಹೇಳಿ ಕಸದ ಬುಟ್ಟಿ ತೋರಿಸಿದಳು. ಅಲಂಕಾರಕ್ಕೆ ನೆಡುವ ಬಳ್ಳಿ ಅದು. ಆಮೇಲೆ ವಿಜಯನಗರದ ಮಾರ್ಕೆಟ್ಟಿನಲ್ಲಿ ಸೊಪ್ಪಿನವಳಿಗೆ ಹೇಳಿಟ್ಟು ತರಿಸಿದೆ. ಹಸಿಯಾಗಿಯೇ ಡಬ್ಬಿಗೆ ತುರುಕಿ, ಗುಂಡಿ ಒತ್ತಿದೆ.

ಬಂದ ಎಣ್ಣೆ ಪಚ್ಚೆಕಲ್ಲಿನ ಬಣ್ಣ. ಅಮ್ಮನ ಎಣ್ಣೆಯ ಹಾಗೆ ಕರ್ರಗಲ್ಲ. ಬಿಸಿ ಹೆಚ್ಚಿಲ್ಲದ್ದರಿಂದ ಎಲೆಯ ಹಸಿರು ಹಾಗೇ ಎಣ್ಣೆಗಿಳಿದಿತ್ತು. ಮೂರು ಬಾಟಲಿ ತುಂಬಿಸಿ, ಹೆಸರು ಬರೆದ ಚೀಟಿ ಅಂಟಿಸಿ, ಬಸವೇಶ್ವರನಗರದ ನಾದಿನಿಗೂ ಕೆಂಗೇರಿಯ ಮಗಳಿಗೂ ಹೆಮ್ಮೆಯಿಂದ ಕೊಟ್ಟೆ. ಚಳಿಗೆ ಎಲ್ಲರ ಬಾಟಲಿಯೂ ಗಟ್ಟಿಯಾಯಿತು. ಸಂಕ್ರಾಂತಿ ಕಳೆದು ಬಿಸಿಲಿಗಿಟ್ಟು ಕರಗಿಸಿದಾಗ ತಳದಲ್ಲಿ ಬೆರಳಗಲ ಕದಡಿದ ನೀರು, ಮುಚ್ಚಳ ತೆಗೆದರೆ ಹುಳಿ ನಾತ. ನಾದಿನಿ ಮರ್ಯಾದೆಗೆ ಸುಮ್ಮನಿದ್ದಳು; ಮಗಳು ಫೋನು ಮಾಡಿ, "ಅಮ್ಮ, ಇದು ಎಣ್ಣೆನಾ ಮಜ್ಜಿಗೆನಾ?" ಎಂದಳು.

ತಪ್ಪು ಯಂತ್ರದ್ದಲ್ಲ. ಪುಸ್ತಕದಲ್ಲಿ ಒಣಗಿದ ಎಲೆ ಎಂದೇ ಬರೆದಿತ್ತು, ನಾನು ಓದಿದ್ದು ಡಿಗ್ರಿಯನ್ನು ಮಾತ್ರ. ಮುಚ್ಚಿದ ಪಾತ್ರೆಯಲ್ಲಿ, 77 ಡಿಗ್ರಿಯಲ್ಲಿ, ಹಸಿ ಸೊಪ್ಪಿನ ನೀರು ಎಲ್ಲಿಗೆ ಹೋಗಬೇಕು? ಅದೇ ಪುಸ್ತಕದಲ್ಲಿ ಇನ್ನೊಂದು ಎಚ್ಚರಿಕೆಯೂ ಇತ್ತು, ಅಡುಗೆಗೆ ಬೆಳ್ಳುಳ್ಳಿ ಎಣ್ಣೆ ಮಾಡುವವರಿಗೆ. ಹಸಿ ಬೆಳ್ಳುಳ್ಳಿ ಎಣ್ಣೆಯಲ್ಲಿ ಮುಳುಗಿದರೆ ಅದಕ್ಕೆ ಗಾಳಿ ಸಿಗುವುದಿಲ್ಲ, ಗಾಳಿ ಬೇಡದ ಬಾಟ್ಯುಲಿನಂ ಎಂಬ ಸೂಕ್ಷ್ಮಜೀವಿಗೆ ಅದೇ ಅರಮನೆ. ಅದರ ಬೀಜಕ ನೀರಿನ ಕುದಿಗೂ ಸಾಯದು, ಅದರ ವಿಷ ಜೀವಕ್ಕೇ ಎರವು. ಹಾಗಾಗಿ ಫ್ರಿಜ್ಜಿನಲ್ಲಿಡಿ, ಕೆಲವೇ ದಿನದಲ್ಲಿ ಮುಗಿಸಿ ಎಂದು. ತಲೆಗೆ ಹಚ್ಚುವುದಕ್ಕೆ ಆ ಭಯವಿಲ್ಲ, ಬಾಯಿಗೆ ಹೋಗುವುದಕ್ಕೆ ಇದೆ. ಬೆಳ್ಳುಳ್ಳಿಯ ಆಸೆ ನಾನು ಅಲ್ಲಿಗೇ ಕೈಬಿಟ್ಟೆ.

ಹಳಸಿದ ಬಾಟಲಿಯನ್ನು ಅಮ್ಮನ ಮುಂದೆ ಹಿಡಿದೆ. ಮೂಸಿ ನೋಡಿದಳು.

"ಅವತ್ತೇ ಹೇಳಲಿಲ್ವಾ, ಇನ್ನೂ ಸದ್ದೇ ಮಾಡಿಲ್ಲ ಅಂತ. ಸದ್ದು ಮಾಡಿ ನಿಲ್ಲದೆ ಎಣ್ಣೆ ಹೇಗೆ ಆಗುತ್ತೆ?" ಎಂದಳು. ಆಮೇಲೆ ಬಾಟಲಿಯ ಬಿರಡೆ ಬಿಗಿಯುತ್ತ, ಯಾರದೋ ವಿಷಯ ಹೇಳುವವಳ ಹಾಗೆ, "ನಾನು ಬಿಟ್ಟಿದ್ದೂ ಅದಕ್ಕೇ. ನಿಂತಿದ್ದು ತಿಳೀತಿರಲಿಲ್ಲ. ಮೊದಲೇ ನಿಂತುಬಿಟ್ಟ ಹಾಗಿರೋದು, ಇಳಿಸೋದಾ ಬೇಡ್ವಾ ಅಂತ ಕೂತೇ ಇರೋದು" ಎಂದಳು.

ಗ್ಯಾಸಿನ ತಪ್ಪು, ಕೊಬ್ಬರಿಯ ತಪ್ಪು ಎಂದು ಅವಳು ಹೇಳಿದಾಗೆಲ್ಲ ಹೌದು ಹೌದು ಅಂದವಳು ನಾನು. ಗ್ಯಾಸಿನವನನ್ನು ಕರೆಸಿ ಬರ್ನರ್ ಕೂಡ ಬದಲಿಸಿದ್ದೆ.

ಎರಡನೆಯ ಸಲ ಅವಳ ಮಾತಿನಂತೆಯೇ ನಡೆಯಿತು. ಸೊಪ್ಪನ್ನು ಹಳೆಯ ಪಂಚೆಯ ಮೇಲೆ, ತಾರಸಿಯ ಮೆಟ್ಟಿಲಿನ ನೆರಳಿನಲ್ಲಿ ಐದು ದಿನ ಒಣಗಿಸಿದೆ. ದಾಸವಾಳದ ಎಲೆ ಲೋಳೆ, ಅದಕ್ಕೆ ಇನ್ನೆರಡು ದಿನ ಹೆಚ್ಚು. ಹಿಡಿಯಲ್ಲಿ ಹಿಸುಕಿದರೆ ಪುಡಿಯಾಗಬೇಕು ಎಂದಳು, ಆಯಿತು. ಯಂತ್ರ ಮೂರು ಗಂಟೆ ತಿರುಗಿ ಕೂಗಿತು. ನಾನು ಸೋಸಲು ಹೊರಟಾಗ ಅಮ್ಮ ತಡೆದು, ಡಬ್ಬಿಯಿಂದ ಒಂದು ಚಿಟಿಕೆ ಗಸಿ ತೆಗೆದು, ಹೆಬ್ಬೆರಳು ತೋರುಬೆರಳ ನಡುವೆ ಹೊಸೆಯತೊಡಗಿದಳು. ಅಜ್ಜಿಯ ಬತ್ತಿ. ಎಂಬತ್ತು ದಾಟಿದ ಬೆರಳು, ಆದರೂ ಬತ್ತಿ ಎಲ್ಲೂ ಉದುರಲಿಲ್ಲ. ದೇವರ ದೀಪಕ್ಕೆ ಹಿಡಿದು ನನ್ನ ಕಡೆ ನೋಡಿದಳು.

"ಸದ್ದು ಬಂತಾ?"

ಕೆಳಗೆ ಆಟೋ, ಮೇಲಿನ ಮನೆಯಲ್ಲಿ ಮಿಕ್ಸಿ. "ಗೊತ್ತಾಗಲಿಲ್ಲ" ಎಂದೆ.

"ಫ್ಯಾನು ಆರಿಸು. ಕಣ್ಣು ಮುಚ್ಕೋ."

ಇನ್ನೊಂದು ಬತ್ತಿ ಹೊಸೆದಳು. ಮಿಕ್ಸಿ ನಿಲ್ಲುವ ತನಕ ಕಾದೆವು. ಚಿಟ್ ಎಂದಿತು, ಒಂದೇ ಸಲ, ಸಾಸಿವೆ ಕಾಳಿನಷ್ಟು. ನಾನು ಒಂದು ಬೆರಳು ಎತ್ತಿ ತೋರಿಸಿದೆ.

"ಹಾಗಾದ್ರೆ ಇನ್ನೂ ಇದೆ. ಬಾಣಲೆ ಇಳಿಸು" ಎಂದಳು.

ಅಟ್ಟದಿಂದ ಬಾಣಲೆ ಇಳಿಸಿ, ತೊಳೆದು, ಒರೆಸಿ, ಎಣ್ಣೆಯನ್ನೂ ಗಸಿಯನ್ನೂ ಅದಕ್ಕೆ ಸುರಿದು ಸಣ್ಣ ಉರಿಯಲ್ಲಿಟ್ಟೆ. ಎರಡು ಸ್ಟೂಲು ಎಳೆದುಕೊಂಡು ಒಲೆಯ ಮುಂದೆ ಕೂತೆವು. ಸ್ವಲ್ಪ ಹೊತ್ತಿಗೆ ಬಾಣಲೆಯ ಅಂಚಿನಲ್ಲಿ ಸಣ್ಣಗೆ ಶುರುವಾಯಿತು. ಅಮ್ಮ ಬಾಣಲೆಯ ಕಡೆ ನೋಡುತ್ತಿರಲಿಲ್ಲ. ನನ್ನ ಮುಖವನ್ನೇ ನೋಡುತ್ತ ಕೂತಿದ್ದಳು.